ಒಂದು ಕಾಂಟ್ಯಾಕ್ಟರ್ ಬದಲಾಯಿಸಿದರೆ 15288ರ ಎಷ್ಟು ಪ್ರಕ್ರಿಯೆ ಮತ್ತೆ ಓಡಿಸಬೇಕು?

ಪೀಣ್ಯ_ಪ್ಯಾನೆಲ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಲಿಫ್ಟ್ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಾರ್ಖಾನೆ. ಹಳೇ ಅಪಾರ್ಟ್‌ಮೆಂಟುಗಳ ಎರಡು ಸ್ಪೀಡಿನ ಲಿಫ್ಟುಗಳಿಗೆ ಹೊಸ ಪ್ಯಾನೆಲ್ ಕೂರಿಸುವುದೇ ಹೆಚ್ಚಿನ ಕೆಲಸ. ಈಗ ಒಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದಾರೆ. ಅವರ ಷರತ್ತುಗಳಲ್ಲಿ ‘ಬದಲಾವಣೆಗಳನ್ನು ಐಎಸ್‌ಒ/ಐಇಸಿ/ಐಇಇಇ 15288ರ ಪ್ರಕಾರ ನಿರ್ವಹಿಸತಕ್ಕದ್ದು’ ಅಂತ ಒಂದು ಸಾಲಿದೆ. ಒಂದು ಸಿಸ್ಟಮ್ಮಿನ ಹುಟ್ಟಿನಿಂದ ಕೊನೆಯವರೆಗಿನ ಕೆಲಸಗಳನ್ನು ಹೇಳುವ ಅಂತಾರಾಷ್ಟ್ರೀಯ ಸ್ಟಾಂಡರ್ಡ್ ಅದು. ಆ ಒಂದು ಸಾಲಿಗೋಸ್ಕರ ಇಡೀ ಸ್ಟಾಂಡರ್ಡ್ ತರಿಸಿ ಓದುತ್ತಾ ಕೂತಿದ್ದೇನೆ. 30 ಪ್ರಕ್ರಿಯೆ, ನಾಲ್ಕು ಗುಂಪು. ಅಗ್ರಿಮೆಂಟಿನಿಂದ ಹಿಡಿದು ಡಿಸ್ಪೋಸಲ್‌ವರೆಗೆ ಎಲ್ಲಾ ಇದೆ, ‘ಚೇಂಜ್ ಮ್ಯಾನೇಜ್‌ಮೆಂಟ್’ ಅನ್ನುವ ಹೆಸರಿನ ಪ್ರಕ್ರಿಯೆ ಮಾತ್ರ ಇಲ್ಲ!

ನಮ್ಮಲ್ಲಿರುವುದು ಒಂದು ಫಾರಂ, ಐದು ಸಹಿ, ವಾರಕ್ಕೊಂದು ಮೀಟಿಂಗ್. ಈಚೆಗೆ ಆ ಮೀಟಿಂಗ್ ದಾಟಿ ಹೋದ ಒಂದು ಬದಲಾವಣೆ ಹೇಳುತ್ತೇನೆ. ಬ್ರೇಕ್ ಕಾಂಟ್ಯಾಕ್ಟರ್ (ಲಿಫ್ಟಿನ ಬ್ರೇಕಿಗೆ ಕರೆಂಟು ಕೊಟ್ಟು ಕಡಿಯುವ ಸ್ವಿಚ್ಚು) ಸಪ್ಲೈ ನಿಂತಿತು. ಪರ್ಚೇಸ್‌ನವರು ಬೇರೆ ಮೇಕ್ ತಂದರು. ಕಾಯಿಲ್ 24 ವೋಲ್ಟ್ ಡಿಸಿ, ಆಂಪಿಯರ್ ಅಷ್ಟೇ, ಡಿನ್ ರೈಲಿನ ಮೇಲೆ ಕೂರುವ ಅಳತೆಯೂ ಅದೇ. ಫಾರಂನಲ್ಲಿ ‘ಸೇಮ್ ಟು ಸೇಮ್’ ಅಂತ ಬರೆದಾಯಿತು, ಐದೂ ಸಹಿ ಬಿದ್ದವು. ಆದರೆ ಹೊಸದರ ಕಾಯಿಲ್‌ಗೆ ಒಳಗೇ ಡಯೋಡ್ ಕೂರಿಸಿದ್ದಾರೆ. ಸಪ್ಲೈ ಕಟ್ಟಾದ ಮೇಲೂ ಕಾಯಿಲ್ ಕರೆಂಟು ಆ ಡಯೋಡಿನೊಳಗೆ ಸುತ್ತುತ್ತಿರುತ್ತದೆ, ಕಾಂಟ್ಯಾಕ್ಟ್ ಬಿಡುವುದು ತಡ, ಬ್ರೇಕ್ ಹಿಡಿಯುವುದೂ ತಡ. ಬೆಂಚಿನ ಮೇಲೆ ಅಳೆದರೆ ಹಳೆಯದಕ್ಕಿಂತ ಸುಮಾರು 60 ಮಿಲಿಸೆಕೆಂಡ್ ಹೆಚ್ಚು. ನಮ್ಮ ಲಿಫ್ಟಿನ ನಿಧಾನದ ಸ್ಪೀಡ್ ಸೆಕೆಂಡಿಗೆ 0.25 ಮೀಟರ್. ಗುಣಿಸಿ ನೋಡಿ, 15 ಮಿಲಿಮೀಟರ್ ಆಚೆ ಹೋಗಿ ನಿಲ್ಲುತ್ತದೆ. ಒಂದು ಬಿಲ್ಡಿಂಗಿನಲ್ಲಿ ವಯಸ್ಸಾದವರೊಬ್ಬರು ಬಾಗಿಲಲ್ಲಿ ಎಡವಿದ ಮೇಲೆ ವಿಷಯ ಹೊರಗೆ ಬಂತು. ಪುಣ್ಯಕ್ಕೆ ಏಟಾಗಿಲ್ಲ.

ನನ್ನ ಪ್ರಶ್ನೆ ಎರಡು. ಈ 15288ರಲ್ಲಿ ಬದಲಾವಣೆ ಅನ್ನುವುದು ಎಲ್ಲಿ ಕೂತಿದೆ? ಒಂದು ಕಾಂಟ್ಯಾಕ್ಟರಿಗೆ 30 ಪ್ರಕ್ರಿಯೆ ಓಡಿಸಿದರೆ ನಮ್ಮಂಥವರು ಅಂಗಡಿ ಮುಚ್ಚಬೇಕಾಗುತ್ತದೆ, ಎಷ್ಟು ಓಡಿಸಿದರೆ ಸಾಕು?

ವಿಮಾನದ_ಕಡತ

ಏರೋಸ್ಪೇಸ್ ಕ್ವಾಲಿಟಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೊದಲ ಪ್ರಶ್ನೆಗೆ ಹೇಳುತ್ತೇನೆ.

ಹೆಸರು ಹುಡುಕಿದರೆ ನಿಮಗೆ ಸಿಗುವುದು ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಪ್ರಕ್ರಿಯೆಯೊಳಗಿನ ಒಂದು ಚಟುವಟಿಕೆ. ಯಾವ ವಸ್ತು ಯಾವ ಬೇಸ್‌ಲೈನಿನಲ್ಲಿದೆ (ಒಪ್ಪಿ ಗೊತ್ತುಪಡಿಸಿದ ಸ್ಥಿತಿ) ಎಂದು ಗುರುತಿಸುವುದು, ಬದಲಾವಣೆಯ ಕೋರಿಕೆಯನ್ನು ದಾಖಲಿಸಿ ತೀರ್ಮಾನಿಸುವುದು, ಈಗಿನ ಸ್ಥಿತಿಯ ಲೆಕ್ಕ ಇಡುವುದು, ಕಾಗದದಲ್ಲಿ ಇರುವುದೂ ಕೈಯಲ್ಲಿ ಇರುವುದೂ ಒಂದೇನಾ ಎಂದು ತಾಳೆ ನೋಡುವುದು, ಬಿಡುಗಡೆಯನ್ನು ಹಿಡಿತದಲ್ಲಿಡುವುದು, ಇಷ್ಟು ಅಲ್ಲಿ ಬರುತ್ತದೆ. ನಿಮ್ಮ ಐದು ಸಹಿಯ ಫಾರಂ ಇದರ ಒಂದು ತುಂಡು. ಬಹಳ ಕಂಪನಿಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ತಕರಾರು ಅದರ ಮೇಲೆಯೇ.

ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಏನು ಬದಲಾಯಿತು, ಯಾರು ಒಪ್ಪಿದರು ಎಂದು ಹೇಳುತ್ತದೆ. ಬದಲಾವಣೆ ಸರಿಯೋ ತಪ್ಪೋ ಎಂಬುದು ಅಲ್ಲಿ ಹುಟ್ಟುವ ಉತ್ತರವಲ್ಲ. ಅದು ಬರಬೇಕಾದದ್ದು ಟೆಕ್ನಿಕಲ್ ಪ್ರಕ್ರಿಯೆಗಳಿಂದ, ಅಂದರೆ ಬಳಕೆದಾರರ ಅಗತ್ಯ, ಸಿಸ್ಟಮ್ ರಿಕ್ವೈರ್‌ಮೆಂಟ್, ಆರ್ಕಿಟೆಕ್ಚರ್, ಡಿಸೈನ್, ಸಿಸ್ಟಮ್ ಅನಾಲಿಸಿಸ್, ವೆರಿಫಿಕೇಷನ್ (ಬರೆದಂತೆ ಆಗಿದೆಯೇ), ವ್ಯಾಲಿಡೇಷನ್ (ಬಳಸುವವರಿಗೆ ಬೇಕಾದದ್ದು ಆಗಿದೆಯೇ) ಇವುಗಳಿಂದ. ಈ ಪ್ರಕ್ರಿಯೆಗಳನ್ನು ಮತ್ತೆ ಮತ್ತೆ, ಬೇರೆ ಬೇರೆ ಮಟ್ಟದಲ್ಲಿ ಓಡಿಸಬಹುದು ಎಂದು ಸ್ಟಾಂಡರ್ಡೇ ಹೇಳುತ್ತದೆ. ಹೊಸ ಸಿಸ್ಟಮ್ ಕಟ್ಟುವಾಗ ಒಂದು ಸಲ ಓಡಿಸಿ ಕಪಾಟಿನಲ್ಲಿ ಇಡಲಿ ಎಂದು ಬರೆದದ್ದಲ್ಲ. ಬದಲಾವಣೆ ಎಂದರೆ ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯುವುದು. ಎಷ್ಟು ಮೇಲಿನಿಂದ ಶುರು ಮಾಡಬೇಕು ಎಂಬುದಷ್ಟೇ ಪ್ರತಿ ಸಲ ನಿರ್ಧರಿಸಬೇಕಾದ ಸಂಗತಿ.

ಹಾಗಾಗಿಯೇ ಬೇರೆ ಹೆಸರಿನ ಪ್ರಕ್ರಿಯೆ ಇಲ್ಲ.

ಕ್ಲೌಡ್_ಕೂಲಿ

ಮೇಡಂ, ಬೇಜಾರು ಮಾಡ್ಕೋಬೇಡಿ. ಇದೆಲ್ಲಾ ರಾಕೆಟ್ಟು, ವಿಮಾನದವರಿಗೆ ಓಕೆ. ನಾವು ಸಾಫ್ಟ್‌ವೇರ್‌ನವರು ದಿನಕ್ಕೆ ಹತ್ತು ಸಲ ಹೊಸ ಕೋಡು ಡಿಪ್ಲಾಯ್ ಮಾಡ್ತೀವಿ. ರಿಕ್ವೈರ್‌ಮೆಂಟ್‌ನಿಂದ ಶುರು ಮಾಡಿ ಅಂದ್ರೆ ಕಸ್ಟಮರ್ ಓಡಿ ಹೋಗ್ತಾನೆ. ಏನಾದ್ರೂ ಎಡವಟ್ಟಾದ್ರೆ ರೋಲ್‌ಬ್ಯಾಕ್, ಅಂದ್ರೆ ಹಳೇ ಕೋಡಿಗೆ ವಾಪಸ್, ಎರಡೇ ನಿಮಿಷ. ಈ ಸ್ಟಾಂಡರ್ಡುಗಳು ಒಂದು ಹಂತ ಮುಗಿದ ಮೇಲಷ್ಟೇ ಮುಂದಿನದು ಅನ್ನೋ ವಾಟರ್‌ಫಾಲ್ ಕಾಲದ ಕಾಗದದ ರಾಶಿ ಅನ್ನೋದು ನನ್ನ ಅನಿಸಿಕೆ.

ಹಳೇ_ಕೋಡು

ಗುರು, ಎರಡು ಮಾತು. 15288 ಆಗಲಿ, ಸಾಫ್ಟ್‌ವೇರಿನ ಸ್ಟಾಂಡರ್ಡ್ 12207 ಆಗಲಿ, ವಾಟರ್‌ಫಾಲ್ ಮಾಡಿ ಅಂತ ಎಲ್ಲೂ ಹೇಳಲ್ಲ. ಯಾವ ಲೈಫ್ ಸೈಕಲ್ ಮಾಡೆಲ್ ಬೇಕೋ ಅದನ್ನು ನೀನೇ ಆರಿಸಿಕೋ ಅನ್ನುತ್ತವೆ. ದಿನಕ್ಕೆ ಹತ್ತು ಸಲ ಓಡಿಸಿದರೂ ಅವಕ್ಕೆ ಬೇಸರವಿಲ್ಲ.

ಇನ್ನು ರೋಲ್‌ಬ್ಯಾಕು. ಅಮೆರಿಕದ ನೈಟ್ ಕ್ಯಾಪಿಟಲ್ ಕಥೆ ಪೂರ್ತಿ ಓದಿದ್ದೀಯಾ? 2012ರ ಆಗಸ್ಟ್ 1. ಷೇರು ಆರ್ಡರ್ ಕಳಿಸುವ ಅವರ ಸಿಸ್ಟಮ್ ಎಂಟು ಸರ್ವರ್ ಮೇಲೆ ಓಡುತ್ತಿತ್ತು. ಹೊಸ ಕೋಡು ಏಳಕ್ಕೆ ಹೋಯಿತು, ಎಂಟನೆಯದಕ್ಕೆ ಹೋಗಲಿಲ್ಲ. ಹೊಸ ಸೌಲಭ್ಯವನ್ನು ಆನ್ ಮಾಡಲು ಅವರು ಒಂದು ಹಳೇ ಫ್ಲ್ಯಾಗನ್ನೇ (ಆನ್-ಆಫ್ ಗುರುತು) ಮರುಬಳಕೆ ಮಾಡಿದ್ದರು. ಆ ಫ್ಲ್ಯಾಗು ಹಿಂದೆ ‘ಪವರ್ ಪೆಗ್’ ಅನ್ನುವ ಕೋಡನ್ನು ಎಬ್ಬಿಸುತ್ತಿತ್ತು. 2003ರಲ್ಲೇ ಬಳಕೆ ನಿಲ್ಲಿಸಿದ್ದ ಕೋಡು, ಕಿತ್ತು ಹಾಕಿರಲಿಲ್ಲ. ಆರ್ಡರ್ ತುಂಬಿತಾ ಅಂತ ಎಣಿಸಿ ಅದನ್ನು ನಿಲ್ಲಿಸುತ್ತಿದ್ದ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದ್ದರು; ಆಮೇಲೆ ಪವರ್ ಪೆಗ್ಗನ್ನು ಮತ್ತೆ ಯಾರೂ ಟೆಸ್ಟ್ ಮಾಡಲಿಲ್ಲ. ಮಾರುಕಟ್ಟೆ ತೆರೆದ ಕೂಡಲೇ ಎಂಟನೇ ಸರ್ವರ್ ನಿಲ್ಲಿಸುವವರಿಲ್ಲದೆ ಆರ್ಡರ್ ಕಳಿಸತೊಡಗಿತು. 212 ಆರ್ಡರಿಗೆ 40 ಲಕ್ಷಕ್ಕೂ ಹೆಚ್ಚು ವಹಿವಾಟು, 45 ನಿಮಿಷ, 46 ಕೋಟಿ ಡಾಲರಿಗೂ ಮೀರಿದ ನಷ್ಟ.

ಈಗ ನಿನ್ನ ರೋಲ್‌ಬ್ಯಾಕಿಗೆ ಬಾ. ಗಾಬರಿಯಲ್ಲಿ ಅವರು ಮಾಡಿದ್ದೂ ಅದನ್ನೇ. ಸರಿಯಾಗಿದ್ದ ಏಳು ಸರ್ವರಿನಿಂದ ಹೊಸ ಕೋಡು ತೆಗೆದರು. ಆ ಏಳರಲ್ಲೂ ಹಳೇ ಪವರ್ ಪೆಗ್ ಎದ್ದು ಕೂತಿತು. ಬದಲಾವಣೆಯನ್ನು ಹಿಂದೆಗೆಯುವುದೂ ಒಂದು ಬದಲಾವಣೆಯೇ, ಅದಕ್ಕೂ ಬೇಸ್‌ಲೈನ್ ಗೊತ್ತಿರಬೇಕು.

15288ರ ಟೆಕ್ನಿಕಲ್ ಪಟ್ಟಿಯ ಕೊನೆಯಲ್ಲಿ ಡಿಸ್ಪೋಸಲ್ ಇದೆ ನೋಡು. ಅದು ಹಳೇ ಯಂತ್ರ ಗುಜರಿಗೆ ಹಾಕುವ ವಿಷಯ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ಫೀಚರ್ ನಿಲ್ಲಿಸಿದರೆ ಅದಕ್ಕೂ ಡಿಸ್ಪೋಸಲ್ ಬೇಕು. ನೈಟ್‌ನವರು ಒಂಬತ್ತು ವರ್ಷ ಮುಂದೂಡಿದ ಕೆಲಸ ಅದೊಂದೇ.

ಕ್ಲೌಡ್_ಕೂಲಿ

ರೋಲ್‌ಬ್ಯಾಕ್ ಭಾಗ ಗೊತ್ತಿರಲಿಲ್ಲ. ಆದ್ರೂ ಅದು ಡಿಪ್ಲಾಯ್‌ಮೆಂಟ್ ಆಟೊಮೇಟ್ ಮಾಡದೇ ಇದ್ದವರ ಸಮಸ್ಯೆ ಅನ್ನಿಸುತ್ತೆ, ಪ್ರೋಸೆಸ್ ಸಮಸ್ಯೆ ಅಲ್ಲ.

ಕಡಲತಡಿ_ಕೆಮಿಕಲ್

ಮಂಗಳೂರಿನಿಂದ. ಪ್ರೊಸೆಸ್ ಪ್ಲಾಂಟ್ ಸುರಕ್ಷತೆಯಲ್ಲಿ ಇದ್ದೇನೆ ಮಾರಾಯ್ರೆ, ನಮ್ಮ ಕ್ಷೇತ್ರದಲ್ಲಿ ‘ಮ್ಯಾನೇಜ್‌ಮೆಂಟ್ ಆಫ್ ಚೇಂಜ್’ ಅನ್ನುವುದಕ್ಕೆ ಬೇರೆಯೇ ಫೈಲು, ಬೇರೆಯೇ ಆಡಿಟು. ಅದು ಹೀಗೆ ಗಟ್ಟಿಯಾಗಿ ಬೇರೂರಲು ಕಾರಣ ಒಂದು ಪೈಪು. ಪೀಣ್ಯದವರ ಕಾಂಟ್ಯಾಕ್ಟರಿಗೂ ಅದಕ್ಕೂ ಹತ್ತಿರದ ಸಂಬಂಧ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಇಂಗ್ಲೆಂಡಿನ ಫ್ಲಿಕ್ಸ್‌ಬರೊ. ನೈಲಾನಿಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಮಾಡುವ ಕಾರ್ಖಾನೆ. ಸೈಕ್ಲೊಹೆಕ್ಸೇನ್ ಹಾಯುವ ಆರು ರಿಯಾಕ್ಟರುಗಳು ಸಾಲಾಗಿ, ಒಂದಕ್ಕಿಂತ ಒಂದು ಸ್ವಲ್ಪ ತಗ್ಗಿನಲ್ಲಿ. 1974ರ ಮಾರ್ಚಿನಲ್ಲಿ 5ನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು 4ರಿಂದ 6ಕ್ಕೆ ನೇರ ಪೈಪ್ ಜೋಡಿಸಿ ಉತ್ಪಾದನೆ ಮುಂದುವರಿಸುವುದು ಅಂತ ತೀರ್ಮಾನ. ರಿಯಾಕ್ಟರಿನ ಬಾಯಿ 28 ಇಂಚು, ಸಿಕ್ಕ ಪೈಪು 20 ಇಂಚು. ಎತ್ತರ ಬೇರೆ ಬೇರೆ ಇದ್ದುದರಿಂದ ಪೈಪಿಗೆ ಎರಡು ಕಡೆ ಬಾಗು. ಎರಡೂ ತುದಿಗೆ ಮೊದಲೇ ಇದ್ದ ಬೆಲ್ಲೋಸ್ (ಮಡಿಕೆ ಮಡಿಕೆಯಾಗಿ ಬಾಗುವ ಜೋಡಣೆ). ಡ್ರಾಯಿಂಗ್ ಆಗಿದ್ದು ಎಲ್ಲಿ ಗೊತ್ತುಂಟೋ? ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ! ಆಧಾರಕ್ಕೆ ಕಟ್ಟಡ ಕೆಲಸದ ಸ್ಕ್ಯಾಫೋಲ್ಡಿಂಗ್. ಬಾಗಿದ ಪೈಪಿನಲ್ಲಿ ಒತ್ತಡ ಏರಿದರೆ ಎರಡು ಬೆಲ್ಲೋಸಿನ ನಡುವೆ ಅದು ತಿರುಚಿಕೊಳ್ಳಲು ನೋಡುತ್ತದೆ ಎಂದು ಲೆಕ್ಕ ಹಾಕುವವರು ಇರಲಿಲ್ಲ. ವರ್ಕ್ಸ್ ಎಂಜಿನಿಯರ್ ಬಿಟ್ಟುಹೋಗಿದ್ದರು, ಜಾಗ ಖಾಲಿ ಇತ್ತು. ಸುರಕ್ಷತಾ ವಾಲ್ವ್ ತೆರೆಯುವುದು ಚದರ ಸೆಂಟಿಮೀಟರಿಗೆ 11 ಕೆ.ಜಿ. ಒತ್ತಡದಲ್ಲಿ, ಟೆಸ್ಟ್ ಮಾಡಿದ್ದು 9ರವರೆಗೆ ಮಾತ್ರ. ಜೂನ್ 1, ಶನಿವಾರ ಸಂಜೆ ಪೈಪು ಕಿತ್ತು ಹೋಯಿತು. ಆವಿಯ ಮೋಡ ಹೊತ್ತಿಕೊಂಡು 28 ಮಂದಿ ತೀರಿಹೋದರು. ವಾರದ ದಿನವಾಗಿದ್ದರೆ ಆಫೀಸಿನಲ್ಲಿ ಇನ್ನೆಷ್ಟು ಜನ ಇರುತ್ತಿದ್ದರೋ.

ಈಗ ಪೀಣ್ಯದವರ ‘ಸೇಮ್ ಟು ಸೇಮ್’. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1992ರಲ್ಲಿ ಪ್ರೊಸೆಸ್ ಸೇಫ್ಟಿ ನಿಯಮ ತಂದಾಗ, ಇದ್ದದ್ದಕ್ಕೆ ಅದೇ ಥರದ್ದು ಹಾಕಿದರೆ ಬದಲಾವಣೆಯ ಪ್ರಕ್ರಿಯೆ ಬೇಡ ಅಂತ ವಿನಾಯಿತಿ ಇಟ್ಟಿತು. ಇಡದೆ ಗತಿ ಇಲ್ಲ, ಇಲ್ಲದಿದ್ದರೆ ಗ್ಯಾಸ್ಕೆಟಿಗೂ ಮೀಟಿಂಗ್ ಆಗಬೇಕು. ಆದರೆ ಆ ನಿಯಮದಲ್ಲಿ ‘ಅದೇ ಥರದ್ದು’ ಅಂದರೆ ಡಿಸೈನ್ ನಿರ್ದಿಷ್ಟತೆಗೆ ಹೊಂದುವಂಥದ್ದು. ನೋಡಲಿಕ್ಕೆ ಅದರ ಹಾಗೇ ಇದ್ದರೆ ಸಾಲದು. ನಿಮ್ಮ ಡಿಸೈನ್ ಕಾಗದದಲ್ಲಿ ಬಿಡುವ ಸಮಯ ಇಷ್ಟೇ ಇರಬೇಕು ಎಂದು ಬರೆದಿತ್ತೋ? ಬರೆದಿರದಿದ್ದರೆ ಐದಲ್ಲ, ಐವತ್ತು ಸಹಿ ಹಾಕಿಸಿದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನೊಂದು, ‘ತಾತ್ಕಾಲಿಕ’ ಅನ್ನುವ ಮೊಹರಿನ ಬಗ್ಗೆ ಎಚ್ಚರ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಎಂಐಸಿ (ವಿಷಕಾರಿ ಮೀಥೈಲ್ ಐಸೊಸಯನೇಟ್) ಟ್ಯಾಂಕಿನ ಶೀತಲೀಕರಣ ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದು, ಸೋರಿದ ಅನಿಲ ಸುಡುವ ಫ್ಲೇರ್ ಟವರಿನ ಪೈಪು ರಿಪೇರಿಗೆ ಕಳಚಿದ್ದು. ಎರಡೂ ಬದಲಾವಣೆಗಳೇ.

ಪೀಣ್ಯ_ಪ್ಯಾನೆಲ್

ಸರ್, ನೀವು ಕೇಳಿದ್ದು ಸರಿಯಾಗಿ ತಾಗಿತು. ನಮ್ಮ ಸ್ಪೆಸಿಫಿಕೇಷನ್ ಶೀಟಿನಲ್ಲಿ ಕಾಯಿಲ್ ವೋಲ್ಟೇಜ್, ಕರೆಂಟ್, ಎಷ್ಟು ಸಲ ಆನ್-ಆಫ್ ತಡೆಯುತ್ತದೆ, ಇವಿಷ್ಟೇ ಇವೆ. ಬಿಡುವ ಸಮಯ ಇಲ್ಲ. ಹಳೇ ಕಾಂಟ್ಯಾಕ್ಟರ್ ತಾನಾಗಿಯೇ ಬೇಗ ಬಿಡುತ್ತಿತ್ತು, ಅದಕ್ಕೆ ತಕ್ಕಂತೆ ಸೈಟಿನಲ್ಲಿ ಲೆವೆಲಿಂಗ್ ಪಟ್ಟಿ (ಲಿಫ್ಟು ಎಲ್ಲಿ ನಿಲ್ಲಬೇಕೆಂದು ತಿಳಿಸುವ ಪಟ್ಟಿ) ಕೂರಿಸುತ್ತಿದ್ದರು. ಯಾರೂ ಬರೆಯದ ರಿಕ್ವೈರ್‌ಮೆಂಟ್ ಅದು.

ವಿಮಾನದ_ಕಡತ

ಯಾರೂ ಬರೆಯದ ರಿಕ್ವೈರ್‌ಮೆಂಟ್ ಎಂದಿರಲ್ಲ, ಅದರ ತಿರುಗುಮುರುಗು ಯುರೋಪಿನ ರಾಕೆಟ್ಟು ಏರಿಯಾನ್ 5. ಭಾಗವನ್ನು ಯಾರೂ ಮುಟ್ಟಲೇ ಇಲ್ಲ, ಸುತ್ತಲಿನ ಸಿಸ್ಟಮ್ ಬದಲಾಯಿತು.

1996ರ ಜೂನ್ 4, ಮೊದಲ ಹಾರಾಟ. ದಿಕ್ಕು-ವೇಗ ಅಳೆಯುವ ಇನರ್ಷಿಯಲ್ ಘಟಕದ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ಪಳಗಿದ್ದು. ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್ಟಿನ ಒಂದು ಬೆಲೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸುವ ಜಾಗವಿತ್ತು. ಏರಿಯಾನ್ 4ರ ಪಥದಲ್ಲಿ ಆ ಬೆಲೆ ಎಂದೂ ಅಷ್ಟು ದೊಡ್ಡದಾಗುವುದಿಲ್ಲ ಎಂದು ಅದಕ್ಕೆ ಕಾವಲು ಹಾಕಿರಲಿಲ್ಲ. ಏರಿಯಾನ್ 5 ಅಡ್ಡಕ್ಕೆ ಬಹಳ ಬೇಗ ವೇಗ ಪಡೆಯುತ್ತದೆ. ಬೆಲೆ ಉಕ್ಕಿತು, ಘಟಕ ಕೈಚೆಲ್ಲಿತು; ಬದಲಿ ಘಟಕದಲ್ಲೂ ಅದೇ ಸಾಫ್ಟ್‌ವೇರ್, ಅದು ಕ್ಷಣದ ಮೊದಲೇ ಬಿದ್ದಿತ್ತು. ಸುಮಾರು 37 ಸೆಕೆಂಡಿಗೆ ರಾಕೆಟ್ಟು ದಾರಿ ತಪ್ಪಿ ಒಡೆದುಹೋಯಿತು. ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ಏರಿಯಾನ್ 5ರಲ್ಲಿ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ಏರಿಯಾನ್ 4ಕ್ಕೆ ಬೇಕಿತ್ತು ಎಂದು ಉಳಿದುಕೊಂಡಿತ್ತು.

‘ಬದಲಾದ ಭಾಗ ಯಾವುದು’ ಎಂದು ಮಾತ್ರ ಕೇಳುವ ಫಾರಂನಲ್ಲಿ ಈ ಘಟಕದ ಹೆಸರು ಬರುವುದೇ ಇಲ್ಲ. ಆದ್ದರಿಂದ ಫಾರಂನ ಮೊದಲ ಪ್ರಶ್ನೆ ‘ಯಾವ ಊಹೆ ಇನ್ನು ಮೇಲೆ ನಿಲ್ಲುವುದಿಲ್ಲ’ ಎಂದಿರಬೇಕು ಎನ್ನುವವಳು ನಾನು.

ಹುಬ್ಬಳ್ಳಿ_ಹಳಿ

ನೋಡ್ರಿ, ರೈಲ್ವೆ ಸಿಗ್ನಲಿಂಗ್‌ನ್ಯಾಗ ನಮಗ ಇಎನ್ 50126 ಅಂತ ಯುರೋಪಿನ ಸ್ಟಾಂಡರ್ಡ್ ಐತಿ. 1999ರ ಆವೃತ್ತ್ಯಾಗ 14 ಹಂತ ಇದ್ದುವು, 13ನೇದು ಮಾರ್ಪಾಡು ಮತ್ತ ರೆಟ್ರೊಫಿಟ್ಟು (ಓಡ್ತಿರೋದಕ್ಕ ಆಮ್ಯಾಲ ಹೊಸಾದು ಜೋಡಿಸೂದು). ಹೊಸಬರು ಅದನ್ನ ನೋಡಿ, ಓಹೋ ಬದಲಾವಣೆ ಅಂದ್ರ 13ನೇ ಹಂತ, ಅದೊಂದು ಮುಗಿಸಿದ್ರ ಆತು ಅಂತಾರ. ಹಂಗಲ್ರಿ. ಅದು ನಿಮ್ಮನ್ನ ಹಿಂದಕ್ಕ ಕಳಿಸೋ ಬಾಗಿಲ. ರಿಸ್ಕ್ ಅನಾಲಿಸಿಸ್‌ಗೆ ಹೋಗಬೇಕೋ, ಡಿಸೈನ್‌ಗೆ ಸಾಕೋ ಅಂತ ಅಲ್ಲಿ ನಿಂತು ನಿರ್ಧಾರ ಮಾಡೂದು.

ಬೆಂಗಳೂರಿನವರಿಗೆ ಗೊತ್ತಿರೋ ಉದಾಹರಣಿ ಕೊಡ್ತೀನಿ. ನಮ್ಮ ಮೆಟ್ರೊ 2011ರ ಅಕ್ಟೋಬರ್ 20ಕ್ಕ ಬೈಯಪ್ಪನಹಳ್ಳಿ–ಎಂ.ಜಿ. ರೋಡ್ ನಡುವ ಶುರು ಆದಾಗ 3 ಬೋಗಿ. 2018ರ ಜೂನ್‌ನ್ಯಾಗ ಮೊದಲ 6 ಬೋಗಿ ಗಾಡಿ ಓಡ್ತು. ಪ್ಲಾಟ್‌ಫಾರ್ಮ್ ಮೊದಲ ಸಲಾನೇ 6 ಬೋಗಿ ಉದ್ದಕ್ಕ ಕಟ್ಟಿದ್ರು. ಮುಂದ ಬರೋ ಬದಲಾವಣೀನ ಕಾನ್ಸೆಪ್ಟ್ ಹಂತದಾಗ ಯೋಚನೆ ಮಾಡಿ ಕಾಂಕ್ರೀಟ್ ಹಾಕಿದ್ದು ಅದು. ನೆಲದಡಿ ಸ್ಟೇಷನ್ ಆಮ್ಯಾಲ ಉದ್ದ ಮಾಡೂದಂದ್ರ ಯಾವ ದೇವರಿಗೂ ಆಗೂದಿಲ್ಲ.

ಆದ್ರ ಬರೇ ಪ್ಲಾಟ್‌ಫಾರ್ಮಿಂದ ಮುಗೀತದೇನು? ಗಾಡಿ ಉದ್ದ ಇಮ್ಮಡಿ ಆಗತದ ಅಂದಕೂಡ್ಲೆ ನನ್ನಂಥಾವ ಕೇಳೂದು ಬ್ಯಾರೆ. ಬಾಲ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ದಾಟಿತು ಅಂತ ಸಿಗ್ನಲಿಂಗ್ ಯಾವಾಗ ನಂಬತದ? 750 ವೋಲ್ಟ್ ಮೂರನೇ ಹಳಿ ಮ್ಯಾಲ ಎರಡು ಗಾಡಿ ಒಮ್ಮೆಲೆ ಹೊರಟ್ರ ಸಬ್‌ಸ್ಟೇಷನ್ ತಡೀತದೇನು? ಡಿಪೋದಾಗ ತಪಾಸಣಿ ಲೈನಿನ ಉದ್ದ ಎಷ್ಟು? ಡ್ರೈವರ್ ನಿಲ್ಲಿಸೋ ಗುರುತಿನ ಬೋರ್ಡ್ ಎಲ್ಲಿ? 3 ಬೋಗಿ, 6 ಬೋಗಿ ಎರಡೂ ಒಂದೇ ಲೈನಿನ್ಯಾಗ ಓಡೋ ದಿನ ಪ್ರಯಾಣಿಕರು ಎಲ್ಲಿ ನಿಂತು ಕಾಯಬೇಕು? ಈ ಕೊನೇದು ತಮಾಷಿ ಅಲ್ಲ. ಅದು 15288 ಹೇಳೋ ಸ್ಟೇಕ್‌ಹೋಲ್ಡರ್ ಅಗತ್ಯ. ಬದಲಾವಣಿ ನಡೂವಿನ ಆ ಅರ್ಧಂಬರ್ಧ ಸ್ಥಿತಿಗೂ ಒಂದು ಬೇಸ್‌ಲೈನ್ ಬೇಕ್ರಿ. ಹಳೇದು ಗೊತ್ತಿರತದ, ಹೊಸಾದು ಗೊತ್ತಿರತದ, ನಡೂವಿಂದು ಯಾರೂ ಬರಿಯೂದಿಲ್ಲ. ನೈಟ್‌ನವರದೂ ಅದ ಆಗಿದ್ದು, ಏಳು ಹೊಸಾವು, ಒಂದು ಹಳೇದು.

ಕ್ಲೌಡ್_ಕೂಲಿ

ಇದು ಒಪ್ಪಿದೆ ಸರ್. ಮಿಕ್ಸ್‌ಡ್ ವರ್ಶನ್ ಅಂತ ನಾವು ಕರೀತೀವಿ, ಡಿಪ್ಲಾಯ್ ಆಗುತ್ತಿರೋ ಹತ್ತು ನಿಮಿಷದಲ್ಲಿ ಹಳೇದು-ಹೊಸದು ಎರಡೂ ಒಂದೇ ಡೇಟಾಬೇಸ್ ಮುಟ್ಟುತ್ತವೆ. ನಮ್ಮ ಬಹುಪಾಲು ಬಗ್ ಬರೋದು ಅಲ್ಲೇ.

ಆದ್ರೆ ಇಲ್ಲಿ ಬಂದ ಕಥೆಯೆಲ್ಲಾ ಕೆಟ್ಟಿದ್ದರದ್ದೇ. ಸರಿಯಾಗಿ ಮಾಡಿದ್ದು ಒಂದಾದ್ರೂ ಹೇಳಿ.

ವಿಮಾನದ_ಕಡತ

ನ್ಯಾಯವಾದ ಪ್ರಶ್ನೆ. ಚಂದ್ರಯಾನ-2ರಿಂದ ಚಂದ್ರಯಾನ-3. ಇಸ್ರೊ ಬಹಿರಂಗವಾಗಿ ಹೇಳಿದ್ದನ್ನಷ್ಟೇ ಬರೆಯುತ್ತೇನೆ.

2019ರ ಸೆಪ್ಟೆಂಬರ್ 7ರಂದು ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿದ್ದಕ್ಕೆ 2023ರಲ್ಲಿ ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ಕೊಟ್ಟ ವಿವರಣೆ ಮೂರು ಎಳೆಯದು. ಎಂಜಿನ್‌ಗಳ ನೂಕು ಎಣಿಸಿದ್ದಕ್ಕಿಂತ ಹೆಚ್ಚಿತ್ತು, ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಗಿದ್ದಾಗ ಸಾಫ್ಟ್‌ವೇರ್ ತಿರುಗುವ ವೇಗಕ್ಕೆ ಮಿತಿ ಹಾಕಿತ್ತು, ಇಳಿಯುವ ಜಾಗ 500 ಮೀಟರ್ ಚೌಕದಷ್ಟು ಪುಟ್ಟದು. ಇಲ್ಲಿ ಸುಲಭದ ದಾರಿ ಸಾಫ್ಟ್‌ವೇರ್ ಮಿತಿ ಸಡಿಲಿಸಿ ಅದೇ ನೌಕೆಯನ್ನು ಮತ್ತೆ ಕಟ್ಟುವುದು. ಅವರು ಅಲ್ಲಿಗೆ ನಿಲ್ಲಲಿಲ್ಲ. ಇಳಿಯುವ ಜಾಗವನ್ನೇ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಇದು ಭಾಗದ ಬದಲಾವಣೆಯಲ್ಲ, ರಿಕ್ವೈರ್‌ಮೆಂಟಿನ ಬದಲಾವಣೆ. ನಿಖರತೆಯ ಹೊರೆಯನ್ನು ಮೇಲಿನ ಮಟ್ಟದಲ್ಲೇ ಇಳಿಸಿದ ಮೇಲೆ ಕೆಳಗಿನ ಎಷ್ಟೋ ಲೆಕ್ಕಗಳು ಹಗುರಾದವು. ಬದಲಾವಣೆ ಬಂದಾಗ ಮೇಲಕ್ಕೆ ಹತ್ತಿ ನೋಡಿ ಎಂದು ನಾನು ಹೇಳುತ್ತಿರುವುದು ಇದಕ್ಕೆ.

ನಡುವಿನ ಐದನೇ ಎಂಜಿನ್ ತೆಗೆದರು. ಕಾಲುಗಳನ್ನು ಬಲಪಡಿಸಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿದರೂ ತಡೆಯುವಂತೆ ಮಾಡಿದರು. ವೇಗ ಅಳೆಯಲು ಲೇಸರ್ ಡಾಪ್ಲರ್ ಉಪಕರಣ ಸೇರಿಸಿದರು, ಇಂಧನ ಹೆಚ್ಚಿಸಿದರು. ಲ್ಯಾಂಡರಿನ ತೂಕ 1,471 ಕೆ.ಜಿ.ಯಿಂದ ಸುಮಾರು 1,750 ಕೆ.ಜಿ.ಗೆ ಏರಿತು. ಒಂದರ ಬದಲಾವಣೆ ಇನ್ನೊಂದನ್ನು ಎಳೆಯುತ್ತದೆ: ತೂಕ ಏರಿದರೆ ಕಾಲಿನ ಮೇಲಿನ ಹೊರೆ, ಇಂಧನದ ಲೆಕ್ಕ, ನಿಯಂತ್ರಣದ ಲೆಕ್ಕ ಎಲ್ಲಾ ಮರುಪರೀಕ್ಷೆಗೆ. ಹಾಗಾಗಿ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಿಡದೆ ಸೆನ್ಸರ್ ಮತ್ತು ನ್ಯಾವಿಗೇಷನ್ ಒಟ್ಟಾಗಿ ಹೇಗೆ ನಡೆಯುತ್ತವೆ ಎಂದು ಹೆಲಿಕಾಪ್ಟರಿನಿಂದ ನೋಡಿದರು, ಎಂಜಿನ್ ಉರಿಸಿ ಇಡೀ ಸರಪಳಿಯನ್ನು ಟವರ್ ಕ್ರೇನಿಗೆ ತೂಗುಹಾಕಿ ನೋಡಿದರು, ಚಂದ್ರನ ಮಣ್ಣಿನಂಥ ಹಾಸಿನ ಮೇಲೆ ಕಾಲುಗಳನ್ನು ಇಳಿಸಿ ನೋಡಿದರು. ಮುಟ್ಟದೆ ಉಳಿಸಿಕೊಂಡದ್ದೂ ಇದೆ: ಚಂದ್ರಯಾನ-2ರ ಆರ್ಬಿಟರ್ ಕೆಲಸ ಮಾಡುತ್ತಲೇ ಇತ್ತು, ಹೊಸದನ್ನು ಕಳಿಸದೆ ಅದನ್ನೇ ಸಂಪರ್ಕಕ್ಕೆ ಬಳಸಿದರು. 2023ರ ಆಗಸ್ಟ್ 23ರ ಸಂಜೆ ಏನಾಯಿತೆಂದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ.

ಪೀಣ್ಯ_ಪ್ಯಾನೆಲ್

ಮೇಡಂ, ಇಸ್ರೊಗೆ ನಾಲ್ಕು ವರ್ಷ ಸಿಕ್ಕಿತು. ನನಗೆ ಶುಕ್ರವಾರದೊಳಗೆ ಗಿರಾಕಿಗೆ ಉತ್ತರ ಕೊಡಬೇಕು. :) ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ.

ವಿಮಾನದ_ಕಡತ

ಬಂದೆ. ಸ್ಟಾಂಡರ್ಡಿನ ಅನುಬಂಧ ಎ ತೆಗೆಯಿರಿ, ಟೈಲರಿಂಗ್. 30ರಲ್ಲಿ ಬೇಡದ್ದನ್ನು ಬಿಡಬಹುದು. ಬಿಟ್ಟದ್ದನ್ನು ಯಾಕೆ ಬಿಟ್ಟಿರಿ ಎಂದು ಬರೆದಿಡಬೇಕು, ಗಿರಾಕಿಗೆ ‘ಟೈಲರ್ ಮಾಡಿದ ಅನುಸರಣೆ’ ಎಂದೇ ಹೇಳಬೇಕು. ಅವರ ಆ ಒಂದು ಸಾಲಿಗೆ ಅವರೇನು ನಿರೀಕ್ಷಿಸುತ್ತಾರೆ ಎಂದು ಮೊದಲು ಕೇಳಿ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ, ಹಳೇ ಟೆಂಡರಿನಿಂದ ಕಾಪಿ ಆಗಿರುತ್ತದೆ.

ನಿಮ್ಮ ಕಾಂಟ್ಯಾಕ್ಟರಿಗೆ ನಾನಾದರೆ ಹೀಗೆ ನಡೆಯುತ್ತಿದ್ದೆ. ಮೇಲಿನಿಂದ: ಜನ ಎಡವದೆ ಒಳಗೆ-ಹೊರಗೆ ಹೋಗಬೇಕು. ಅದು ರಿಕ್ವೈರ್‌ಮೆಂಟ್ ಆದಾಗ ನಿಲ್ಲುವ ನಿಖರತೆ, ಯುರೋಪಿನ ಇಎನ್ 81-20 ಪ್ರಕಾರ 10 ಮಿಲಿಮೀಟರ್ ಆಚೀಚೆ. ಆರ್ಕಿಟೆಕ್ಚರಿನಲ್ಲಿ ಆ 10 ಮಿಲಿಮೀಟರನ್ನು ಯಾರು ಯಾರು ಹಂಚಿಕೊಂಡು ತಿನ್ನುತ್ತಾರೆ? ಸೆನ್ಸರ್, ಕಂಟ್ರೋಲರಿನ ಸ್ಕ್ಯಾನ್ ಸಮಯ, ಕಾಂಟ್ಯಾಕ್ಟರ್ ಬಿಡುವ ಸಮಯ, ಬ್ರೇಕ್ ಸ್ಪ್ರಿಂಗ್ ಹಿಡಿಯುವ ಸಮಯ, ಕ್ಯಾಬಿನಿನ ಭಾರ. ಸೆಕೆಂಡಿಗೆ 0.25 ಮೀಟರಿನಲ್ಲಿ 10 ಮಿಲಿಮೀಟರ್ ಎಂದರೆ 40 ಮಿಲಿಸೆಕೆಂಡ್. ಅಂದರೆ ಇವರೆಲ್ಲರ ಒಟ್ಟು ಏರುಪೇರು ಅಷ್ಟರೊಳಗೆ ಇರಬೇಕು. ನಿಮ್ಮ ಹೊಸ ಕಾಂಟ್ಯಾಕ್ಟರ್ ಒಂದೇ 60 ತಿಂದಿದೆ. ಈ ಲೆಕ್ಕ ಅರ್ಧ ಪುಟ. ಸಿಸ್ಟಮ್ ಅನಾಲಿಸಿಸ್ ಪ್ರಕ್ರಿಯೆ ನಿಮ್ಮ ಮಟ್ಟಕ್ಕೆ ಅಷ್ಟೇ. ಅದರಿಂದ ಸ್ಪೆಸಿಫಿಕೇಷನ್ ಶೀಟಿಗೆ ಒಂದು ಹೊಸ ಸಾಲು ಬರುತ್ತದೆ, ಬಿಡುವ ಸಮಯದ ಗರಿಷ್ಠ ಮಿತಿ. ವೆರಿಫಿಕೇಷನ್ ಬೆಂಚಿನ ಮೇಲೆ. ವ್ಯಾಲಿಡೇಷನ್ ಒಂದು ನಿಜವಾದ ಲಿಫ್ಟಿನಲ್ಲಿ, ಖಾಲಿ ಕ್ಯಾಬಿನ್ ಮತ್ತು ತುಂಬಿದ ಕ್ಯಾಬಿನ್, ಹತ್ತುವಾಗ ಮತ್ತು ಇಳಿಯುವಾಗ. ಆಮೇಲೆ ಕಾನ್ಫಿಗರೇಷನ್: ಯಾವ ಸೀರಿಯಲ್ ನಂಬರಿನಿಂದ ಹೊಸ ಭಾಗ, ಹಳೆಯದು ಯಾವ ಸೈಟಿನಲ್ಲಿದೆ.

ಪೋರ್ಟ್‌ಫೋಲಿಯೊ, ಮಾನವ ಸಂಪನ್ಮೂಲ ಮುಂತಾದ ಸಂಸ್ಥೆಯ ಮಟ್ಟದ ಪ್ರಕ್ರಿಯೆಗಳನ್ನು ಒಂದೇ ಸಾಲಿನಲ್ಲಿ ‘ಈ ಬದಲಾವಣೆಗೆ ಅನ್ವಯಿಸುವುದಿಲ್ಲ’ ಎಂದು ಬಿಡಿ. ಅಗ್ರಿಮೆಂಟನ್ನು ಬಿಡಬೇಡಿ. ನಿಮ್ಮ ಸಪ್ಲೈಯರ್ ಒಳಗಿನ ಡಿಸೈನ್ ಬದಲಾಯಿಸುವುದಾದರೆ ಮೊದಲೇ ತಿಳಿಸಬೇಕು ಎಂಬ ಷರತ್ತು ನಿಮ್ಮ ಪರ್ಚೇಸ್ ಆರ್ಡರಿನಲ್ಲಿ ಇದೆಯೇ? ಹೆಸರು, ಪಾರ್ಟ್ ನಂಬರ್ ಎರಡೂ ಅದೇ ಇದ್ದು ಒಳಗೆ ಡಯೋಡ್ ಬಂದು ಕೂತಿದ್ದರೆ ನಿಮ್ಮ ಫಾರಂ ಏಳುತ್ತಲೇ ಇರಲಿಲ್ಲ.

ಶಾಫ್ಟ್_ಸರ್ವಿಸ್

ನಾನು ಸೈಟಿನಲ್ಲಿ ಲಿಫ್ಟ್ ರಿಪೇರಿ ಮಾಡೋನು. ನೀವೆಲ್ಲಾ ದೊಡ್ಡೋರು ಮಾತಾಡ್ತಿದ್ದೀರಿ, ಒಂದು ಮಾತು ಹೇಳಲಾ?

ಮಷೀನ್ ರೂಮಿಗೆ ಹೋಗಿ ಪ್ಯಾನೆಲ್ ಬಾಗಿಲು ತೆಗೀರಿ. ಒಳಗಡೆ ಪ್ಲಾಸ್ಟಿಕ್ ಚೀಲದಲ್ಲಿ ಡ್ರಾಯಿಂಗ್ ಇರುತ್ತೆ, ಇದ್ದರೆ. ಅದರ ಮೇಲೆ ನಾಲ್ಕು ಜನ ನಾಲ್ಕು ಬಣ್ಣದ ಪೆನ್ನಲ್ಲಿ ಗೀಚಿರ್ತಾರೆ, ತಾರೀಕು ಇಲ್ಲ, ಸಹಿ ಇಲ್ಲ. ಯಾವನೋ ಒಂದು ಇಂಟರ್‌ಲಾಕ್ (ಬಾಗಿಲು ಮುಚ್ಚದೆ ಲಿಫ್ಟ್ ಓಡದಂತೆ ತಡೆಯೋದು) ವೈರು ಬೈಪಾಸ್ ಮಾಡಿ ‘ನಾಳೆ ಹಾಕ್ತೀನಿ’ ಅಂತ ಟೇಪ್ ಸುತ್ತಿ ಹೋಗಿರ್ತಾನೆ, ಟೇಪಿನ ಮೇಲೆ ಧೂಳು ಕೂತಿರುತ್ತೆ. ಕಂಪನಿ ಕಂಪ್ಯೂಟರಲ್ಲಿ ಒಂದು ಡ್ರಾಯಿಂಗು, ಬಾಗಿಲಲ್ಲಿ ಇನ್ನೊಂದು, ನಿಜವಾದ ವೈರಿಂಗ್ ಮೂರನೇದು. ನಿಮ್ಮ ಬೇಸ್‌ಲೈನ್ ಯಾವುದು ಸರ್? ನಮ್ಮಂಥೋರು ಸೈಟಿಂದ ಒಂದು ಫೋಟೊ ಕಳಿಸಿದರೆ ಅದನ್ನು ತಗೊಂಡು ಡ್ರಾಯಿಂಗ್ ತಿದ್ದೋರು ಆಫೀಸಲ್ಲಿ ಇರಬೇಕು. ಮೊದಲು ಕಳಿಸ್ತಿದ್ದೆ, ಯಾರೂ ನೋಡಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಿದೆ.

ಹುಬ್ಬಳ್ಳಿ_ಹಳಿ

ಈ ಥ್ರೆಡ್‌ನ್ಯಾಗ ಬಂದ ಭಾಳ ಕಿಮ್ಮತ್ತಿನ ಪೋಸ್ಟ್ ಇದ ನೋಡ್ರಿ. ಕಾಗದಕ್ಕೂ ಕೈಗೂ ತಾಳೆ ನೋಡೂದು ಅಂತ ಮೇಡಂ ಮೊದಲ ಹೇಳಿದ್ರಲ್ಲ, ಅದರ ಅರ್ಥ ಇದ. ನಮ್ಮಲ್ಲಿ ಸಿಗ್ನಲ್ ರೂಮಿನ ವೈರಿಂಗ್ ಮುಟ್ಟಿದ್ರ ಸರ್ಕಿಟ್ ಡ್ರಾಯಿಂಗ್‌ಗೆ ತಾಳೆ ನೋಡಿ, ಪರೀಕ್ಷೆ ಮಾಡಿ, ಸಹಿ ಹಾಕೋತನಕ ಗಾಡಿ ಬಿಡೂದಿಲ್ಲ.

ಪೀಣ್ಯ_ಪ್ಯಾನೆಲ್

ಎಲ್ಲರಿಗೂ ಥ್ಯಾಂಕ್ಸ್. ಈವತ್ತಿನ ಸ್ಥಿತಿ: ಅದೇ ಮೇಕ್‌ನಲ್ಲಿ ಡಯೋಡ್ ಬದಲು ವ್ಯಾರಿಸ್ಟರ್ (ಕಾಯಿಲ್ ಕರೆಂಟನ್ನು ಬೇಗ ಇಳಿಸುವ ಬಿಡಿಭಾಗ) ಇರುವ ಮಾಡೆಲ್ ಸಿಗುತ್ತದೆ. ಬೆಂಚಿನಲ್ಲಿ ಬಿಡುವ ಸಮಯ ಹಳೆಯದಕ್ಕೆ ಹತ್ತಿರ ಬರುತ್ತಿದೆ. ಆರ್ಡರ್ ಹಾಕುವ ಮೊದಲು ಒಂದು ಲಿಫ್ಟಿನಲ್ಲಿ ಮೇಡಂ ಹೇಳಿದ ನಾಲ್ಕೂ ಸ್ಥಿತಿಯಲ್ಲಿ ನೋಡುತ್ತೇವೆ. ಸ್ಪೆಸಿಫಿಕೇಷನ್ ಶೀಟಿಗೆ ಹೊಸ ಸಾಲು ಸೇರಿಸಿಯಾಗಿದೆ.

ಈಗಾಗಲೇ ಹೊರಗೆ ಹೋದ ಪ್ಯಾನೆಲ್‌ಗಳ ಬಗ್ಗೆ ಒಳಗೆ ಜಗಳ ನಡೆಯುತ್ತಿದೆ. ಕಾಂಟ್ಯಾಕ್ಟರ್ ಬದಲಾಯಿಸುವುದು ಖರ್ಚು, ಹೆಲ್ಪರ್ ಕಳಿಸಿ ಲೆವೆಲಿಂಗ್ ಪಟ್ಟಿ 15 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಪುಕ್ಕಟೆ ಅಂತ ಸರ್ವಿಸ್ ಮ್ಯಾನೇಜರ್ ವಾದ.

ಶಾಫ್ಟ್_ಸರ್ವಿಸ್

ಬೇಡಿ ಸರ್. ಹತ್ತುವಾಗಲೂ 15 ಮೇಲೆ, ಇಳಿಯುವಾಗಲೂ 15 ಕೆಳಗೆ ಹೋಗಿ ನಿಲ್ಲುತ್ತೆ, ಎರಡೂ ತುದಿ ಸರಿಸಬೇಕು, ಪ್ರತಿ ಮಹಡಿಯಲ್ಲೂ. ಅದು ಹೋಗಲಿ. ನಾಳೆ ಆ ಕಾಂಟ್ಯಾಕ್ಟರ್ ಸುಟ್ಟರೆ ನನ್ನಂಥೋನು ಬಂದು ಸರಿಯಾದ ಸ್ಪೇರ್ ಹಾಕ್ತಾನೆ. ಆಗ ಅದೇ 15 ಮಿಲಿಮೀಟರ್ ಈಚೆ ನಿಲ್ಲುತ್ತೆ. ನಾನು ಬ್ರೇಕ್ ತಪ್ಪು ಅಂದುಕೊಂಡು ಸ್ಪ್ರಿಂಗ್ ಸಡಿಲ ಮಾಡ್ತೀನಿ.

ಕಡಲತಡಿ_ಕೆಮಿಕಲ್

ಸ್ಪ್ರಿಂಗ್ ಸಡಿಲಿಸುವುದು ಬೇಡವೇ ಬೇಡ ಮಾರಾಯ್ರೆ! ಪೀಣ್ಯದವರೇ, ಈ ಪೋಸ್ಟನ್ನು ಹಾಗೇ ಪ್ರಿಂಟ್ ತೆಗೆದು ಆ ಮ್ಯಾನೇಜರಿಗೆ ಕೊಡಿ. ಕಾಂಟ್ಯಾಕ್ಟರೇ ಬದಲಾಯಿಸಿ, ಸೀರಿಯಲ್ ನಂಬರ್ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಗೆರೆ ಹೊಡೆಯಿರಿ. ಬದಲಾಯಿಸುವವರೆಗೆ ಬಾಗಿಲಲ್ಲಿ ‘ನೋಡಿ ಕಾಲಿಡಿ’ ಅಂತ ಬರೆದ ಹಳದಿ ಪಟ್ಟಿ ಹಚ್ಚಿಸಿ, ತೆಗೆಯುವ ತಾರೀಕನ್ನು ಆ ಪಟ್ಟಿಯಲ್ಲೇ ನಮೂದಿಸಿ.